ಅಂಚೆಯಲ್ಲಿ ಆಡುವ ಚದುರಂಗ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸಹಕಾರ ಸಂಘದ ಹಬ್ಬದಲ್ಲಿ ಚದುರಂಗದ ಮಾತೇಕೆ ಅಂತ ಕೆಲವರು ಆಗಲೇ ಮುಖ ಮುಖ ನೋಡ್ಕೋತಿದ್ದೀರಿ. ಆಟ ಅಂದ್ರೆ ಸೋಮಾರಿಗಳ ಕೆಲಸ ಅನ್ನೋದು ನಮ್ಮಲ್ಲಿ ಹಳೇ ಮಾತು. ಆದರೆ 1818ರಲ್ಲಿ ನಮ್ಮ ಚಾಮರಾಜನಗರಕ್ಕೆ ತಂದೆಯ ಹೆಸರಿಟ್ಟ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟದಲ್ಲಿ ದೊಡ್ಡ ಪಂಡಿತರು. ಹಲಗೆಯ 64 ಮನೆಗಳನ್ನೂ ಕುದುರೆ ಒಂದೊಂದೇ ಸಲ ಮೆಟ್ಟಿ ಬರುವ ಬಂಧಗಳನ್ನು ರಚಿಸಿದವರು.

ಅವರು ಚಾಮರಾಜೇಶ್ವರನ ಗುಡಿ ಕಟ್ಟಿಸಿದ್ದು 1826ರಲ್ಲಿ. ಅದೇ ಕಾಲಕ್ಕೆ ಎಡಿನ್‌ಬರೋ ಮತ್ತು ಲಂಡನ್ನಿನವರು ಕಾಗದ ಬರೆದೇ ಚದುರಂಗ ಆಡುತ್ತಿದ್ದರು. 1824ರಲ್ಲಿ ಹೂಡಿದ ಪಂದ್ಯ 1828ಕ್ಕೆ ಮುಗೀತು. ಐದಾಟದಲ್ಲಿ ಎರಡು ಡ್ರಾ. 1828ರಲ್ಲಿ ಮದರಾಸಿಗೂ ಹೈದರಾಬಾದಿಗೂ ಇಂಥದೇ ಪಂದ್ಯವಾಯಿತು. ಗುಲಾಂ ಕಾಸಿಂ ಮತ್ತು ಕಾಕ್ರೇನ್ ಅದನ್ನು 1829ರಲ್ಲಿ ಪುಸ್ತಕ ಮಾಡಿದರು. ಮುಜಿಯೋ ಗ್ಯಾಂಬಿಟ್ ಎಂಬ ಹುಚ್ಚು ಧೈರ್ಯದ ಆಟದ ವಿಚಾರವೂ ಅದರಲ್ಲೇ ಇದೆ.

ಗ್ಯಾಂಬಿಟ್ ಅಂದರೆ ಗರಡಿಯಲ್ಲಿ ಕಾಲು ಕೊಟ್ಟು ಕೆಡವುತ್ತಾರಲ್ಲ, ಆ ಅರ್ಥದ ಇಟಲಿ ಮಾತು. ಬಿಳಿಯವನು ಎರಡನೇ ನಡೆಗೇ ಒಂಟೆಯ ಮುಂದಿನ ಕಾಲಾಳನ್ನು 'ತಗೋ' ಅಂತ ಇಡ್ತಾನೆ. ಕರಿಯವನು ತಿಂದು, ಇನ್ನೊಂದು ಕಾಲಾಳನ್ನು ನೂಕಿ ಕುದುರೆಯ ಮೇಲೂ ಬರ್ತಾನೆ. ಬಿಳಿಯವನು ಕುದುರೆಯನ್ನು ಬಿಡಿಸಿಕೊಳ್ಳೋದೇ ಇಲ್ಲ! ರಾಜನನ್ನು ಕೋಟೆಗೆ ಸೇರಿಸಿ, ಕುದುರೆಯನ್ನೂ ಕೊಟ್ಟು, ಮಂತ್ರಿ, ಆನೆ, ಒಂಟೆಗಳನ್ನು ನುಗ್ಗಿಸ್ತಾನೆ. ಬಿತ್ತನೆಗೆ ಇಟ್ಟ ರಾಗಿಯನ್ನೂ ಸುರಿದ ಹಾಗೆ.

ಎದುರಾ ಎದುರು ಕೂತರೆ ಇದಕ್ಕೆ ಕೈ ನಡುಗುತ್ತೆ. ಅಂಚೆಯಲ್ಲಿ ಹಾಗಲ್ಲ. ಹೊಲಕ್ಕೆ ಹೋಗಿ ಬಂದು ಹಲಗೆ ನೋಡಿ, ಮಲಗಿ ಎದ್ದು ಮತ್ತೆ ನೋಡಿ ಉತ್ತರ ಬರೀಬಹುದು. ದಾಳಿ ಸವೆಯುತ್ತೆ. ಬಿಟ್ಟರೆ ಸೋಲು, ಗೆಲ್ಲೋಕೆ ಆಳಿಲ್ಲ. ಆಗ ಬಿಳಿಯವನು ಶಹದ ಮೇಲೆ ಶಹ ಕೊಡ್ತಾನೆ. ರಾಜ ಈ ಮನೆಯಿಂದ ಆ ಮನೆಗೆ, ಆ ಮನೆಯಿಂದ ಈ ಮನೆಗೆ. ಅದೇ ಸ್ಥಿತಿ ಮೂರು ಸಲ ಬಂದರೆ ಡ್ರಾ ಕೇಳಬಹುದು. ಕುದುರೆ ಕಳಕೊಂಡವನಿಗೆ ಅರ್ಧ ಅಂಕ, ಗೆದ್ದೇಬಿಟ್ಟೆ ಅಂದುಕೊಂಡಿದ್ದವನಿಗೂ ಅರ್ಧವೇ.

ಡ್ರಾ ಆದರೆ ನಮ್ಮ ಹುಡುಗರು ಹಲಗೆ ಕೆಡವಿ ಎದ್ದು ಹೋಗ್ತಾರೆ. ನನಗದು ಸರಿ ಕಾಣೋದಿಲ್ಲ. ಕಾರ್ಡಿನಲ್ಲಿ ಆಡಿಸಿ ನೋಡಿ. ನಮ್ಮ ನಡವಳಿ ಪುಸ್ತಕದ ಹಾಗೆ, ಬರೆದು ಕಳಿಸಿದ ನಡೆ ವಾಪಸ್ಸು ಬರೋದಿಲ್ಲ. ಗುಂಡ್ಲುಪೇಟೆ ಕಡೆಯ ಯಾವುದಾದರೂ ಊರಿನ ಹುಡುಗರಿಗೆ ಮೊದಲ ನಡೆ ಬರೆಯೋಣ. ಕಾರ್ಡು ನಾನು ತರ್ತೀನಿ, ಹಲಗೆ ಸಂಘದ ಕಟ್ಟಡದಲ್ಲೇ ಇರಲಿ. ಕಾರ್ಯದರ್ಶಿಗಳು ಒಪ್ಪಬೇಕು ಅಷ್ಟೇ.