ಪೂರ್ವಪಕ್ಷದ ಮರ್ಯಾದೆ

ಶ್ರದ್ಧೆಯನ್ನು ತರ್ಕದಿಂದ ಸಮರ್ಥಿಸುವುದು ಸಾಧ್ಯವೇ, ಸಾಧ್ಯವಾದರೂ ಸಮರ್ಥಿಸಬೇಕೇ? ಎಲ್ಲ ಮತಗಳಲ್ಲಿಯೂ ಎದ್ದಿರುವ ಈ ಪ್ರಶ್ನೆ ಕ್ರೈಸ್ತರ ಪಾಲಿಗೆ ಮೊದಲಲ್ಲಿ ಪ್ರಾಣದ ಪ್ರಶ್ನೆಯಾಗಿತ್ತು. ಇಂಥ ಸಮರ್ಥನೆಗೆ ಅವರು ಬಳಸಿದ ‘ಅಪೊಲೊಗಿಯ’ ಎಂಬ ಗ್ರೀಕ್ ಪದಕ್ಕೆ ಆಪಾದಿತನು ನ್ಯಾಯಸ್ಥಾನದಲ್ಲಿ ಕೊಡುವ ಪ್ರತ್ಯುತ್ತರವೆಂದೇ ಅರ್ಥ. ಆ ಪರಂಪರೆಯ ಒಂದು ಗ್ರಂಥವನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ.

ಕ್ರಿ.ಶ. ೧೮೦ರ ಸುಮಾರಿಗೆ ಸೆಲ್ಸಸ್ ಎಂಬ ವಿದ್ವಾಂಸನು ‘ಸತ್ಯವಚನ’ ಎಂಬರ್ಥದ ಹೆಸರಿಟ್ಟು ಕ್ರೈಸ್ತಮತ ಖಂಡನೆಯ ಗ್ರಂಥವೊಂದನ್ನು ಗ್ರೀಕ್ ಭಾಷೆಯಲ್ಲಿ ಬರೆದನು. ಅವನ ಆಕ್ಷೇಪಗಳು ಹರಿತವಾದುವು. ಉಣ್ಣೆಯ ಕೆಲಸದವರು, ಪಾದರಕ್ಷೆ ಹೊಲಿಯುವವರು ಮನೆಮನೆಗಳಲ್ಲಿ ಹೆಂಗಸರು ಮಕ್ಕಳಿಗೆ ಉಪದೇಶಿಸುತ್ತಾರೆ. ವಿಚಾರಿಸಬೇಡ, ನಂಬು ಎನ್ನುತ್ತಾರೆ. ಪರಿಪೂರ್ಣನಾದ ದೇವರು ಭೂಮಿಗೆ ಇಳಿದು ಬಂದರೆ ವಿಕಾರಕ್ಕೆ ಒಳಗಾದಂತಲ್ಲವೇ? ಸಾಮ್ರಾಜ್ಯದ ರಕ್ಷಣೆ ಬೇಕೆನ್ನುವವರು ಅದಕ್ಕಾಗಿ ಏಕೆ ಹೋರಾಡಬಾರದು?

ಸುಮಾರು ಎಪ್ಪತ್ತು ವರ್ಷಗಳ ತರುವಾಯ, ೨೪೮ರ ಹೊತ್ತಿಗೆ, ಪ್ಯಾಲೆಸ್ಟೈನಿನ ಕೈಸರೈಯದಲ್ಲಿದ್ದ ಒರಿಜೆನ್ ಎಂಟು ಭಾಗಗಳಲ್ಲಿ ಇದಕ್ಕೆ ಉತ್ತರ ಬರೆದನು. ಗೆಳೆಯ ಆಂಬ್ರೋಸನ ಒತ್ತಾಯಕ್ಕೆ ಕಟ್ಟುಬಿದ್ದು ಬರೆದದ್ದು ಅದು. ಸುಳ್ಳುಸಾಕ್ಷಿಗಳೆದುರು ಯೇಸು ಮೌನವಾಗಿದ್ದನು, ಅವನ ನಿಜವಾದ ಸಮರ್ಥನೆ ಶಿಷ್ಯರ ಬದುಕು ಎಂಬ ಸಂಕೋಚದಿಂದಲೇ ಗ್ರಂಥ ಆರಂಭವಾಗುತ್ತದೆ.

‘ವಿಚಾರಿಸಬೇಡ, ನಂಬು’ ಎಂಬ ಆಕ್ಷೇಪಕ್ಕೆ ಒರಿಜೆನ್ ಕೊಡುವ ಉತ್ತರವನ್ನು ಗಮನಿಸಿ. ಎಲ್ಲರೂ ಹೊಟ್ಟೆಪಾಡು ಬಿಟ್ಟು ತತ್ತ್ವವಿಚಾರದಲ್ಲಿ ತೊಡಗಬಹುದಾದರೆ ಅದೇ ಉತ್ತಮವೆಂದು ಅವನು ಒಪ್ಪುತ್ತಾನೆ. ಆದರೆ ಆ ಬಿಡುವು ಎಷ್ಟು ಮಂದಿಗುಂಟು? ತತ್ತ್ವಜ್ಞಾನಕ್ಕೆ ಹೊರಟವನಾದರೂ ಎಲ್ಲ ದರ್ಶನಗಳನ್ನೂ ಪರೀಕ್ಷಿಸಿ ಒಂದನ್ನು ಆರಿಸುವುದಿಲ್ಲ. ಯಾರೋ ಒಬ್ಬ ಗುರುವನ್ನು ನಂಬಿ ಆರಂಭಿಸುತ್ತಾನೆ. ಬೀಜ ಬಿತ್ತುವವನೂ ಕಡಲಿಗೆ ಹೊರಡುವವನೂ ನಂಬಿಯೇ ಹೊರಡುತ್ತಾರೆ. ಈ ವಾದದಿಂದ ಕ್ರೈಸ್ತಮತ ಸತ್ಯವೆಂದು ಸಿದ್ಧವಾಗುವುದಿಲ್ಲ, ನಿಜ. ನಂಬುವವನು ಮೂಢನೇ ಆಗಿರಬೇಕೆಂಬ ಮಾತು ಮಾತ್ರ ಬಿದ್ದುಹೋಗುತ್ತದೆ. ತರ್ಕದಿಂದ ಇಷ್ಟಾದರೂ ದೊರೆತರೆ ಅದು ಸಣ್ಣ ಲಾಭವಲ್ಲ.

ಒರಿಜೆನ್ ಅಲ್ಲಲ್ಲಿ ಕಟುವಾಗುತ್ತಾನೆ. ಆದರೂ ಎದುರಾಳಿಯ ಮಾತನ್ನು ಮೊದಲು ಉದ್ಧರಿಸಿ ಅನಂತರವೇ ತನ್ನ ಮಾತನ್ನು ಹೇಳುತ್ತಾನೆ. ನಮಗೆ ಇದು ಪರಿಚಿತವಾದ ಕ್ರಮ. ಕಾವ್ಯಮೀಮಾಂಸೆಯ ಪಾಠ ಹೇಳುತ್ತಿದ್ದಾಗ ಆನಂದವರ್ಧನನ ಒಂದು ಗುಣ ನನಗೆ ಸದಾ ಮೆಚ್ಚಿಗೆಯಾಗುತ್ತಿತ್ತು: ಧ್ವನಿಯನ್ನು ಸ್ಥಾಪಿಸುವ ಮುನ್ನ ಧ್ವನಿಯೇ ಇಲ್ಲವೆನ್ನುವವರಿಗೆ ಅವನು ಮಾತನಾಡಲು ಎಡೆಗೊಡುತ್ತಾನೆ. ಚಾರ್ವಾಕರ ಮತವನ್ನು ನಾವು ಬಹುಮಟ್ಟಿಗೆ ಬಲ್ಲದ್ದು ಅವರನ್ನು ಒಪ್ಪದವರ ಗ್ರಂಥಗಳಿಂದಲೇ. ಸೆಲ್ಸಸನ ಕಥೆಯೂ ಹಾಗೆಯೇ. ಅವನ ಪುಸ್ತಕ ಕಳೆದುಹೋಗಿದೆ. ಅದರ ಬಹುಭಾಗ ಉಳಿದಿರುವುದು ಒರಿಜೆನನ ಉತ್ತರದೊಳಗೆ.

ಇದರ ಪಕ್ಕದಲ್ಲಿ ಇನ್ನೊಂದು ಸಂಗತಿಯನ್ನಿಡಬೇಕು. ಮೂರನೆಯ ಶತಮಾನದ ತತ್ತ್ವಜ್ಞ ಪಾರ್ಫಿರಿಯೂ ಕ್ರೈಸ್ತರ ವಿರುದ್ಧ ಬರೆದನು. ಆಮೇಲೆ ಕ್ರೈಸ್ತಮತಕ್ಕೆ ರಾಜಾಶ್ರಯ ದೊರೆಯಿತು. ೪೪೮ರಲ್ಲಿ ಅವನ ಗ್ರಂಥವನ್ನು ಸುಡಬೇಕೆಂದು ರಾಜಾಜ್ಞೆಯಾಯಿತು. ಇಂದು ಅದರ ತುಣುಕುಗಳಷ್ಟೇ ಉಳಿದಿವೆ. ಅದನ್ನು ಖಂಡಿಸಿ ಯುಸೇಬಿಯಸ್ ಮೊದಲಾದವರು ಬರೆದ ಉತ್ತರಗಳೂ ಉಳಿಯಲಿಲ್ಲ.

ಒರಿಜೆನನಿಗೆ ಯಾವ ಅಧಿಕಾರವೂ ಇರಲಿಲ್ಲ. ಗ್ರಂಥ ಮುಗಿದ ಕೆಲವೇ ವರ್ಷಗಳಲ್ಲಿ, ಡೀಸಿಯಸ್ ಚಕ್ರವರ್ತಿಯ ಕಾಲದ ಹಿಂಸೆಯಲ್ಲಿ, ಅವನು ಸೆರೆಮನೆ ಸೇರಿ ಚಿತ್ರಹಿಂಸೆಯನ್ನು ಅನುಭವಿಸಿದನು. ತನ್ನ ನಂಬಿಕೆಗಾಗಿ ದೇಹವನ್ನು ತೆರಲು ಸಿದ್ಧನಿದ್ದವನು ತನ್ನ ವಿರೋಧಿಯ ಮಾತಿಗೆ ಅಂಜಲಿಲ್ಲ. ಬೆಂಕಿಯ ಮೊರೆಹೊಕ್ಕವರಿಗೆ ಅಧಿಕಾರವಿತ್ತು, ಆ ನೆಚ್ಚಿಕೆ ಇರಲಿಲ್ಲ.

ನಂಬಿಕೆಯ ಕಾರಣವನ್ನು ಕೇಳಿದವರಿಗೆ ಸೌಮ್ಯವಾಗಿ, ಗೌರವದಿಂದ ಉತ್ತರಿಸಬೇಕೆಂಬುದು ಪೇತ್ರನ ಮೊದಲ ಪತ್ರದ ಬುದ್ಧಿವಾದ. ಆ ಗೌರವದ ಮೊದಲ ಕಂತು, ಕೇಳಿದವನ ಪ್ರಶ್ನೆಯನ್ನು ಅವನ ಮಾತಿನಲ್ಲಿಯೇ ಉಳಿಸಿಕೊಳ್ಳುವುದು. ಯಾವ ಮತದ ಪರವಾಗಿ ಮಾತನಾಡುವವರಿಗೂ ಇದು ಸಲ್ಲುವ ಮಾತೆಂದು ನಾನು ತಿಳಿದಿದ್ದೇನೆ.