ಕಿರುತೆರೆಯ ನಗೆ, ಭಕ್ತರ ನಂಬಿಕೆ



ಧರ್ಮವನ್ನು ಕುರಿತು ದೂರದರ್ಶನದಲ್ಲಿ ನಗಿಸಬೇಕಾದರೆ ಭಕ್ತರ ಮನಸ್ಸನ್ನು ನೋಯಿಸಲೇಬೇಕೇ? ಇದು ಇಂದಿನ ಉಪನ್ಯಾಸದ ಪ್ರಶ್ನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನೋಯಿಸುವುದು ಹಾಸ್ಯದ ಗುರಿಯಲ್ಲ, ಅದರ ಧೈರ್ಯಕ್ಕೆ ಪುರಾವೆಯೂ ಅಲ್ಲ. ಧರ್ಮದ ಒಳಬದುಕನ್ನು ಬಲ್ಲವರು ಬರೆದ ಹಾಸ್ಯಕ್ಕೆ ಭಕ್ತರೂ ನಗುತ್ತಾರೆ. ಆದರೆ ದೇವರ ಹೆಸರಿನಲ್ಲಿ ಅಧಿಕಾರ ನಡೆಸುವವರಿಗೆ ಆ ನಗೆ ಚುಚ್ಚಿದರೆ, ಅದನ್ನು ಭಕ್ತರ ನೋವೆಂದು ಎಣಿಸಬಾರದು.

ಇದಕ್ಕೆ ನನಗೆ ಸಿಗುವ ಅತ್ಯುತ್ತಮ ನಿದರ್ಶನ ‘ಫಾದರ್ ಟೆಡ್’. 1995ರಿಂದ 1998ರವರೆಗೆ ಬ್ರಿಟನ್ನಿನ ಚಾನೆಲ್ 4ರಲ್ಲಿ ಬಂದ ಈ ಧಾರಾವಾಹಿಯನ್ನು ಬರೆದವರು ಐರ್ಲೆಂಡಿನ ಗ್ರಹಾಂ ಲೈನ್‌ಹನ್ ಮತ್ತು ಆರ್ಥರ್ ಮ್ಯಾಥ್ಯೂಸ್. ಒಂದು ಕಲ್ಪಿತ ದ್ವೀಪದ ಪಾದ್ರಿಮನೆಯಲ್ಲಿ ದುಡ್ಡು, ಹೆಸರು ಎಂದರೆ ಬಾಯಿಬಿಡುವ ಟೆಡ್, ಏನೂ ತಿಳಿಯದ ಡೂಗಲ್, ಸದಾ ಕುಡಿದಿರುವ ಮುದಿ ಜ್ಯಾಕ್, ಚಹಾ ಕುಡಿಯಲೇಬೇಕೆಂದು ದುಂಬಾಲು ಬೀಳುವ ಮಿಸೆಸ್ ಡಾಯ್ಲ್ ಒಟ್ಟಿಗಿದ್ದಾರೆ. ನಗೆ ಹುಟ್ಟುವುದು ಕ್ರಿಸ್ತನಿಂದಲ್ಲ, ಈ ನಾಲ್ವರ ಸಣ್ಣತನ ಮತ್ತು ಒಂಟಿತನದಿಂದ. ಕ್ಯಾಥೊಲಿಕ್ ಮನೆಗಳಲ್ಲಿ ಬೆಳೆದವರಿಗೆ ಅವರೆಲ್ಲ ಪರಿಚಿತರೇ.

ಆ ಕಾಲವನ್ನೂ ನೆನೆಯಬೇಕು. 1992ರಲ್ಲಿ ಐರ್ಲೆಂಡಿನ ಜನಪ್ರಿಯ ಬಿಷಪ್ ಈಮನ್ ಕೇಸಿಗೆ ಒಬ್ಬ ಮಗನಿದ್ದಾನೆಂಬುದು ಬಯಲಾಗಿ, ಅವರು ಹುದ್ದೆ ಬಿಡಬೇಕಾಯಿತು. ಧಾರಾವಾಹಿಯ ಸಿಡುಕು ಬಿಷಪ್ ಬ್ರೆನನ್‌ಗೂ ಬಚ್ಚಿಟ್ಟ ಮಗನೊಬ್ಬನಿದ್ದಾನೆ. ಒಂದು ಕಂತಿನಲ್ಲಿ ಈ ಬಿಷಪ್, ಧರ್ಮನಿಂದೆಯ ಸಿನಿಮಾವೊಂದರ ವಿರುದ್ಧ ಪ್ರತಿಭಟಿಸಲು ಟೆಡ್ ಮತ್ತು ಡೂಗಲ್‌ಗೆ ಅಪ್ಪಣೆ ಮಾಡುತ್ತಾನೆ. ಇಬ್ಬರೂ ಫಲಕ ಹಿಡಿದು ಚಿತ್ರಮಂದಿರದ ಮುಂದೆ ನಿಲ್ಲುತ್ತಾರೆ. ಪ್ರತಿಭಟನೆಯ ಸುದ್ದಿ ಕೇಳಿಯೇ ಜನ ಚಿತ್ರಮಂದಿರಕ್ಕೆ ನುಗ್ಗುತ್ತಾರೆ. ನಿಷೇಧದ ಕೂಗು ಏನು ಸಾಧಿಸುತ್ತದೆಂಬುದನ್ನು ಆ ಅರ್ಧ ಗಂಟೆ ತೋರಿಸಿಕೊಟ್ಟಷ್ಟು ಸ್ಪಷ್ಟವಾಗಿ ಎಷ್ಟೋ ಭಾಷಣಗಳು ತೋರಿಸಿಲ್ಲ.

ಇನ್ನೊಂದು ನಿದರ್ಶನ ಬಿಬಿಸಿಯ ‘ದಿ ವಿಕರ್ ಆಫ್ ಡಿಬ್ಲಿ’. ಚರ್ಚ್ ಆಫ್ ಇಂಗ್ಲೆಂಡ್ 1994ರ ಮಾರ್ಚ್‌ನಲ್ಲಿ ಬ್ರಿಸ್ಟಲ್‌ನಲ್ಲಿ ಮೊದಲ ಬಾರಿಗೆ 32 ಮಹಿಳೆಯರಿಗೆ ಪಾದ್ರಿ ದೀಕ್ಷೆ ಕೊಟ್ಟಿತು. ಅದೇ ವರ್ಷದ ನವೆಂಬರ್‌ನಲ್ಲಿ ಈ ಧಾರಾವಾಹಿ ಶುರುವಾಯಿತು. ಹಳ್ಳಿಯ ಚರ್ಚಿಗೆ ಬಂದ ಪಾದ್ರಿ ಹೆಂಗಸು ಎಂದು ಕಂಡು ಊರ ದೊಡ್ಡ ಮನುಷ್ಯ ಹೌಹಾರುತ್ತಾನೆ. ಡಾನ್ ಫ್ರೆಂಚ್ ಅಭಿನಯಿಸಿದ ಜೆರಾಲ್ಡಿನ್ ತಾನೂ ನಗುತ್ತಾಳೆ, ಊರನ್ನೂ ನಗಿಸುತ್ತಾಳೆ, ಆದರೆ ಅವಳ ಭಕ್ತಿಯ ಬಗ್ಗೆ ನೋಡುಗರಿಗೆ ಅನುಮಾನ ಬರುವುದಿಲ್ಲ. ಯಾರನ್ನೂ ಅವಮಾನಿಸದೆ ಒಂದು ಧಾರ್ಮಿಕ ಸುಧಾರಣೆಯನ್ನು ಮನೆಮನೆಗೆ ಒಪ್ಪಿಸುವ ಕೆಲಸವನ್ನು ಇಲ್ಲಿ ಹಾಸ್ಯ ಮಾಡಿತು.

ನಮ್ಮ ದೇಶದ ಪ್ರಸಂಗಕ್ಕೆ ಬರೋಣ. 2016ರ ಜನವರಿಯಲ್ಲಿ ಹಾಸ್ಯನಟ ಕಿಕು ಶಾರದಾ ಅವರನ್ನು ಹರಿಯಾಣ ಪೊಲೀಸರು ಬಂಧಿಸಿದರು. ಟಿವಿ ಕಾರ್ಯಕ್ರಮವೊಂದರಲ್ಲಿ ಡೇರಾ ಸಚ್ಚಾ ಸೌದಾ ಪಂಥದ ಗುರು ಗುರ್ಮೀತ್ ರಾಮ್ ರಹೀಮ್ ಅವರನ್ನು ಅಣಕಿಸಿದ್ದೇ ತಪ್ಪು. ಹಾಕಿದ್ದು ಧಾರ್ಮಿಕ ಭಾವನೆಗಳನ್ನು ಕೆರಳಿಸುವ ಅವಮಾನವನ್ನು ಅಪರಾಧವೆನ್ನುವ, ದಂಡ ಸಂಹಿತೆಯ 295ಎ ಕಲಂ. ಮರುವರ್ಷದ ಆಗಸ್ಟ್‌ನಲ್ಲಿ ಅದೇ ಗುರು ಅತ್ಯಾಚಾರದ ಪ್ರಕರಣಗಳಲ್ಲಿ ದೋಷಿಯೆಂದು ಸಾಬೀತಾಗಿ, 20 ವರ್ಷಗಳ ಶಿಕ್ಷೆಗೆ ಗುರಿಯಾದರು. ಅನುಯಾಯಿಗಳ ನೋವು ನಿಜವೇ ಇದ್ದಿರಬಹುದು. ಆದರೆ ಆ ನೋವನ್ನು ಮುಂದಿಟ್ಟುಕೊಂಡು ಕಾನೂನು ಕಾಪಾಡಿದ್ದು ನಂಬಿಕೆಯನ್ನಲ್ಲ, ಒಬ್ಬ ಬಲಿಷ್ಠನ ಪ್ರತಿಷ್ಠೆಯನ್ನು.

1927ರಲ್ಲಿ ಬಂದ ಈ ಕಲಂ ಅನ್ನು 1957ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಾಗ ಒಂದು ಮಿತಿಯನ್ನೂ ಸ್ಪಷ್ಟಪಡಿಸಿತು: ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಮಾಡಿದ ಅವಮಾನ ಮಾತ್ರ ಅಪರಾಧ, ಎಚ್ಚರ ತಪ್ಪಿ ಆಡಿದ ಮಾತು ಅಲ್ಲ. ಇಂದು ಇದೇ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂನಲ್ಲಿದೆ. ಬಂಧಿಸಲು ಹೊರಡುವ ಮುನ್ನವೇ ಆ ಮಿತಿಯನ್ನು ನೆನೆದರೆ, ಎಷ್ಟೋ ಕಲಾವಿದರು ಠಾಣೆಯ ಮೆಟ್ಟಿಲು ಹತ್ತಬೇಕಾಗುವುದಿಲ್ಲ.

ಹಾಗೆಂದು ಹಾಸ್ಯಗಾರರು ಏನು ಮಾಡಿದರೂ ಸರಿ ಎಂದು ನಾನು ಹೇಳಲಾರೆ. ನಾಟಕಕ್ಕೆ ಟಿಕೆಟ್ ಕೊಂಡು ಹೋಗುತ್ತೇವೆ. ದೂರದರ್ಶನ ಅಜ್ಜಿ, ಮೊಮ್ಮಕ್ಕಳು ಕೂತ ನಡುಮನೆಗೇ ಬರುತ್ತದೆ. ಜುಟ್ಟು, ಗಡ್ಡ, ಶಿಲುಬೆ ತೋರಿಸಿ, ಉಚ್ಚಾರಣೆ ಕೆಡಿಸಿ ನಗಿಸುವುದು ಸೋಮಾರಿತನ. ಪಕ್ಕದ ಬೀದಿಯ ಮಸೀದಿಯೊಳಗೆ ಎಂದೂ ಕಾಲಿಡದವರು ಮೌಲ್ವಿಯ ವೇಷ ಹಾಕಿದಾಗ, ಬಹುಸಂಖ್ಯಾತರು ನಗುತ್ತಾರೆ, ಅಲ್ಪಸಂಖ್ಯಾತರು ತಲೆ ತಗ್ಗಿಸುತ್ತಾರೆ. ಅಂಥ ನಗೆಯಿಂದ ಯಾವ ಅಧಿಕಾರವೂ ಅಲುಗುವುದಿಲ್ಲ. ಅದು ನೋಯಿಸುತ್ತದೆ ಎಂಬುದಕ್ಕಿಂತ ಮೊದಲು, ಅದರಲ್ಲಿ ಸತ್ಯವೇ ಇಲ್ಲ.

ಬಸವಣ್ಣನವರೂ ಪುರಂದರದಾಸರೂ ಡಾಂಭಿಕ ಭಕ್ತಿಯನ್ನು ಬಯಲಿಗೆಳೆದರು. ಅವರನ್ನು ನಾವು ಭಕ್ತಿಯ ದಾರಿ ತೋರಿದವರೆಂದೇ ಗೌರವಿಸುತ್ತೇವೆ. ಆ ಪರಂಪರೆ ಇರುವ ಕನ್ನಡದ ಕಿರುತೆರೆ ಮಠ, ಮಸೀದಿ, ಚರ್ಚುಗಳ ಒಳಬದುಕನ್ನು ಬಲ್ಲ ಬರಹಗಾರರನ್ನು ಬೆಳೆಸಲಿ. ಅವರು ಬಲಹೀನರ ನಂಬಿಕೆಯನ್ನು ಬಿಟ್ಟು ಬಲಿಷ್ಠರ ಸೋಗನ್ನು ಹಿಡಿಯಲಿ. ನೋಡುವ ನಾವೂ, ಮನಸ್ಸಿಗೆ ನೋವಾದ ಕೂಡಲೇ ಠಾಣೆಗೆ ಓಡದೆ, ನೊಂದದ್ದು ನಮ್ಮ ಭಕ್ತಿಯೋ ನಮ್ಮ ಗುರುಗಳ ಪ್ರತಿಷ್ಠೆಯೋ ಎಂದು ಕೇಳಿಕೊಳ್ಳೋಣ.