ಅರ್ಜಿ ಬರೆದುಕೊಡುವ ಸೇವೆ



ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು 2009ರಲ್ಲಿ ಪ್ರತ್ಯೇಕ ಜಿಲ್ಲೆಯಾದವು. 2011ರ ಜನಗಣತಿಯಂತೆ ಅಲ್ಲಿ ಅಕ್ಷರಬಲ್ಲವರು ನೂರಕ್ಕೆ 52 ಮಂದಿ. ನಾಡಿನಲ್ಲಿಯೇ ಅತಿ ಕಡಿಮೆ. ನಾರಾಯಣಪುರದ ಕಾಲುವೆಯು ಕೃಷ್ಣೆಯ ನೀರನ್ನು ತಂದಿತು. ಆದರೂ ಹೊಲವಿಲ್ಲದವರು ಬೆಂಗಳೂರಿಗೆ ಗುಳೆ ಹೊರಡುವುದು ತಪ್ಪಲಿಲ್ಲ.

2005ರ ಉದ್ಯೋಗ ಖಾತರಿ ಶಾಸನದಲ್ಲಿ ಒಂದು ಸೂಕ್ಷ್ಮವಿತ್ತು. ಕೂಲಿಗಾರನು ಅರ್ಜಿಯಿತ್ತು ದಿನಾಂಕವುಳ್ಳ ರಶೀದಿಯನ್ನು ಪಡೆಯಬೇಕು. 15 ದಿನಗಳೊಳಗೆ ಕೆಲಸ ದೊರೆಯದಿದ್ದರೆ ಅವನಿಗೆ ನಿರುದ್ಯೋಗ ಭತ್ಯೆ ಸಲ್ಲಬೇಕು. ರಶೀದಿಯಿಲ್ಲದವನು ತಾನು ಕೆಲಸ ಕೇಳಿದ್ದೆನೆಂಬುದನ್ನು ತೋರಿಸುವುದೆಂತು? ಪಿಂಚಣಿಗಾಗಲಿ ಪಡಿತರಕ್ಕಾಗಲಿ, ನಿರಕ್ಷರಿಯು ಇಂದಿಗೂ ಸೋಲುವುದು ಇಂಥ ಕಾಗದದ ಚೂರಿನ ಮುಂದೆಯೇ.

ಸಮಾಜಸೇವೆಯೆಂದರೆ ಸಭೆ, ಹಾರ, ಭಾಷಣಗಳೆಂದು ಪದವೀಧರರಾದ ನಾವು ಎಣಿಸಿದ್ದೇವೆ. (ಇದೂ ಭಾಷಣವೇ, ಇರಲಿ.) ಸಮೀಪದ ಹಳ್ಳಿಯ ಗ್ರಾಮಸಭೆಗೊಮ್ಮೆ ಹೋಗಿ ಕುಳಿತುಕೊಳ್ಳಿರಿ. ಕೇಳಿದವರಿಗೆ ಅರ್ಜಿಯನ್ನು ಬರೆದುಕೊಡಿರಿ, ಬರೆದುದನ್ನು ಅವರಿಗೇ ಓದಿ ಹೇಳಿರಿ, ರಶೀದಿಯು ಕೈಗೆ ಬರುವ ತನಕ ಜೊತೆಯಲ್ಲಿ ನಿಲ್ಲಿರಿ.